ಸೂಗಪ್ಪ ಕೆರೆದ ಪೇಟಿ

ಸೂಗಪ್ಪ ರೈಲ್ವೆ ಫಿಟ್ಟರ್. ಸಿಕಂದರಾಬಾದಿನ ಪಕ್ಕದ ಮಲ್ಕಾಜ್‌ಗಿರಿಯಲ್ಲಿ ಮನೆ. ಡ್ಯೂಟಿಯಿಂದ ಬಂದವನು ಬೂಟು ಕಳಚುವ ಮೊದಲೇ ಹಾರ್ಮೋನಿಯಂ ಪೇಟಿ ಬಿಚ್ಚುತ್ತಿದ್ದ. ಒಳಗೆ ಗಾಳಿಗೆ ಅದುರುವ ಹಿತ್ತಾಳೆಯ ರೀಡುಗಳಿರುತ್ತವೆ. ಅವನ್ನು ಅರದಿಂದ ಕೂದಲೆಳೆಯಷ್ಟು ಕೆರೆಯುವನು, ನುಡಿಸಿ ಕೇಳುವನು, ಮತ್ತೆ ಕೆರೆಯುವನು. ಎರಡು ಸುರಗಳ ನಡುವೆ ಇನ್ನೂ ಸುರಗಳಿವೆ, ಅಂಗಡಿಯ ಪೇಟಿ ಅವನ್ನು ನುಂಗಿಬಿಡುತ್ತದೆ ಎಂಬುದು ಅವನ ತಕರಾರು.

"ಪೇಟಿ ಕೆಟ್ಟೈತೇನ್ರಿ ಸೂಗಪ್ಪ?" ಎಂದು ನೆರೆಯವರು ಕೇಳುವರು.

"ಇಲ್ರಿ, ನಾನೇ ಕೆಡಸಾಕತ್ತೀನಿ."

ಎರಡು ಪೇಟಿಗೆ ಅವನೊಂದು ಹಾಡು ಕಟ್ಟಿದ್ದ. ಮಾತಿಲ್ಲದ ಹಾಡು. ಗೆಳೆಯ ವಾಸುದೇವನದು ಎಲ್ಲರ ಮನೆಯಂಥ ಪೇಟಿ. ಅದು ಇಳಿಯುವಾಗ ಕೆರೆದ ಪೇಟಿ ಕೆಳಗಿನಿಂದ ಏರಬೇಕು. ಇದರ ದಾರಿ ಅದಕ್ಕಿಲ್ಲ, ಆದರೂ ಕೂಡಿ ನಡೆಯಬೇಕು. ಕೆರೆದ ಪೇಟಿಗೆ ಹೆಂಡತಿ ಶಿವದೇವಿಯನ್ನು ಕೂರಿಸಿದ. ಸಂಗೀತ ಅರಿಯದವಳು. ಬೆರಳು ಹಿಡಿದು ಕಲಿಸಿದ.

ಸಾವಿರದ ಒಂಬೈನೂರ ಎಂಬತ್ನಾಲ್ಕರ ಬೇಸಿಗೆಯಲ್ಲಿ ಸೂಗಪ್ಪ ಸತ್ತ. ಎದೆನೋವು ಎಂದ, ಆಸ್ಪತ್ರೆ ಮುಟ್ಟಲಿಲ್ಲ.

ಸತ್ತವನ ಹೆಸರಿನ ಶಿವಗಣಾರಾಧನೆಗೆ ಇನ್ನೊಂದೇ ದಿನ ಎನ್ನುವಾಗ ಶಿವದೇವಿ ನೋಡಿದರೆ ಪೇಟಿ ಜಾಗದಲ್ಲಿರಲಿಲ್ಲ.

"ಸಿಕಂದರಾಬಾದಿನಾಗ ರಿಪೇರಿಗೆ ಕೊಟ್ಟೀನಿ ವೈನಿ," ಎಂದ ಮೈದುನ ಕಲ್ಯಾಣಪ್ಪ. "ನಾಳೆ ಭಜನಿಗೆ ಬೇಕಲ್ಲ. ಸುರ ಒಂದೂ ಹೊಂದತಿರಲಿಲ್ಲ."

"ಯಾರನ್ನ ಕೇಳಿ ಕೊಟ್ಟಿ?"

"ಅಣ್ಣನ ಪೇಟಿ, ನೆಟ್ಟಗಾಗಲಿ ಅಂತ... ಎಲ್ಲಿ ಹೊಂಟ್ರಿ? ಇಂಥಾ ದಿನ ಹೊಸ್ತಿಲ ದಾಟತಾರೇನು?"

ದಾಟಿದಳು. ಕೆರೆದುಹೋದ ಹಿತ್ತಾಳೆ ಮತ್ತೆ ಬೆಳೆಯುವುದಿಲ್ಲ. ಇಷ್ಟನ್ನು ಗಂಡ ಹೇಳಿದ್ದ. ದಾರಿಯಲ್ಲಿ ರೈಲ್ವೆ ಗೇಟು ಬಿದ್ದು ಬಸ್ಸು ನಿಂತಿತು. ಗೂಡ್ಸು ಗಾಡಿ ಮುಗಿಯಲೊಲ್ಲದು. ಮುಗಿದ ಮೇಲೂ ಬಸ್ಸು ಅಲುಗಲಿಲ್ಲ. ಇಳಿದು, ಸೆರಗು ಬಿಗಿದು ನಡೆದಳು. ಓಡಿದಳು.

ರಿಪೇರಿಯ ಮಹಬೂಬಸಾಬ ರಾಯಚೂರ ಕಡೆಯವನು. ಅರ ಕೈಯಲ್ಲೇ ಇತ್ತು.

"ಬರ್ರಿ ಬಾಯಿ. ಯಾವ ಹುಚ್ಚ ಕೆರದಾನ್ರಿ ಇದನ್ನ ಹಿಂಗ?"

"ನನ್ನ ಗಂಡ."

ಮುದುಕ ಅರ ಕೆಳಗಿಟ್ಟ.

"ಎಷ್ಟು ಮಾಡೀರಿ?"

"ಕೆಳಗಿನ ಸುರ ಎಲ್ಲಾ ಆದ್ವು. ಮ್ಯಾಲಿಂದು ಈಗ ಹಿಡೀಬೇಕು."

"ಮೊದಲಿನಂಗ ಮಾಡ್ರಿ."

"ಮೊದಲ ಎಲ್ಲಿತ್ತು ಅಂತ ನನಗೇನ ಗೊತ್ತು? ಅಂದಾಜಿಗೆ ಕೆರೀಬೇಕಾಗತೈತಿ."

"ಅಂದಾಜಿಗೆ ಬ್ಯಾಡ. ಕೊಡ್ರಿ."

ಪೇಟಿಯನ್ನು ಎದೆಗೊತ್ತಿಕೊಂಡು ಮನೆಗೆ ತಂದಳು. ಅಳಲಿಲ್ಲ.

ಮರುದಿನ ಭಜನೆ ಮುಗಿದ ಮೇಲೆ ವಾಸುದೇವನ ಎದುರು ಪೇಟಿ ಇಟ್ಟುಕೊಂಡು ಕುಳಿತಳು. ಕಲ್ಯಾಣಪ್ಪ ಬಗ್ಗಿ ಪಿಸುಗುಟ್ಟಿದ:

"ಮಂದಿ ನಗತಾರ ವೈನಿ."

"ನಗಲಿ."

ವಾಸುದೇವ ಸೂಗಪ್ಪನ ಹಾಡು ಶುರು ಮಾಡಿದ. ಅವಳ ಸರದಿ ಕೆಳಗಿನ ಸುರದಿಂದ. ಆ ಸುರಗಳು ಈಗ ಸೂಗಪ್ಪನವಲ್ಲ. ಬರೀ ಗಾಳಿ ಹಾಕಿದಳು, ಬೆರಳು ಊರಲಿಲ್ಲ. ವಾಸುದೇವ ಕಣ್ಣೆತ್ತಿ ನೋಡಿದ. ನಿಲ್ಲಿಸಲಿಲ್ಲ. ಒಬ್ಬನೇ ಇಳಿಯುತ್ತ ಹೋದ. ಅವಳು ಮನಸ್ಸಿನಲ್ಲೇ ಏರುತ್ತ ಬಂದಳು. ಮೇಲಿನ ಸುರ ಬಂತು. ಅಲ್ಲಿ ಊರಿದಳು.

ಎರಡೂ ಪೇಟಿಯ ಸುರಗಳು, ಸೂಗಪ್ಪ ಕಲಿಸಿದಾಗಿನಂತೆಯೇ, ಒಂದಕ್ಕೊಂದು ತಿಕ್ಕಿದವು. ಹಿಂದೆ ಯಾರೋ ಕಿಸಕ್ಕೆಂದರು. ಅವಳು ಬೆರಳು ತೆಗೆಯಲಿಲ್ಲ.