ಹೊಸಿಲಾಚೆ ಕೂತವಳು

ನನ್ನ ಪಿಎಚ್‌ಡಿ ಆಗ್ನೇಯ ಏಷ್ಯಾದ ಹಳ್ಳಿ ರಾಜಕೀಯದ ಮೇಲೆ. ಗೈಡುಗಳು ಮೂವರು: ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸ. ಮೂವರೂ ಒಂದೇ ಮಾತಿಗೆ ಒಪ್ಪಿದ್ದು ಒಂದೇ ಸಲ, ಅದೂ ನನ್ನ ನಾಲ್ಕನೇ ಅಧ್ಯಾಯ ಯಾಕೋ ನಂಬುವಂತಿಲ್ಲ ಎಂದು. ತಿಂಗಳೊಳಗೆ ತಿದ್ದದಿದ್ದರೆ ಅದನ್ನು ಕೈಬಿಡಬೇಕಿತ್ತು. ಆ ಅಧ್ಯಾಯಕ್ಕಾಗಿಯೇ ಜಾವಾದ ಬೆಟ್ಟದೂರೊಂದರಲ್ಲಿ ಎಂಟು ತಿಂಗಳು ಇದ್ದು ಬಂದವಳು ನಾನು. ಸಿಟ್ಟು ನೆತ್ತಿಗೇರಿ, ಲ್ಯಾಪ್‌ಟಾಪ್ ಹೊತ್ತುಕೊಂಡು ಬಿಳಿಕೆರೆ ಹತ್ತಿರದ ನಮ್ಮೂರಿಗೆ ಬಂದುಬಿಟ್ಟೆ.

ಹೊಗೆಸೊಪ್ಪು ಮುರಿಯುವ ಕಾಲ. ಹೊರಗೆ ತುಂತುರು ಇದ್ದುದರಿಂದ ಅವ್ವ ಊರ ನಾಲ್ಕೈದು ಹೆಂಗಸರ ಜೊತೆ ಪಡಸಾಲೆಯಲ್ಲೇ ಕೂತು, ಒಣಗಿಸಲು ಕಡ್ಡಿಗೆ ಎಲೆ ಕಟ್ಟುತ್ತಿದ್ದಳು. ಜಾವಾದ ಆ ಊರಿನವರೂ ಹೊಗೆಸೊಪ್ಪಿನವರೇ ಎಂದಾಗ ಅವಳ ಕಣ್ಣರಳಿತು.

"ಅಲ್ಲೂ ಮುಯ್ಯಾಳು ಅದಾ?"

ಇವತ್ತು ನಿಮ್ಮ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀವು, ಅದು ಮುಯ್ಯಾಳು. ಇದೆ ಎಂದು ವಿಡಿಯೊ ತೋರಿಸಿದೆ. ಅಲ್ಲಿನ ಊರ ಮುಖ್ಯಸ್ಥನ ಮನೆಯಲ್ಲಿ ಹೆಂಗಸರು ಹೊಗೆಸೊಪ್ಪು ಹೆಚ್ಚುತ್ತಿದ್ದರು. ಚುನಾವಣೆಯ ಜಗಳ ಮರೆತು ಊರು ಒಂದಾಗಿ ದುಡಿಯುತ್ತದೆ ಎಂದು ನಾನು ಅಧ್ಯಾಯದ ತುಂಬ ಬರೆದದ್ದು ಇದನ್ನೇ ನಂಬಿಕೊಂಡು.

ಅವ್ವ ವಿಡಿಯೊದ ಮೂಲೆಯಲ್ಲಿದ್ದ ಹೆಂಗಸೊಬ್ಬಳ ಮೇಲೆ ಬೆರಳಿಟ್ಟಳು. "ಆವಮ್ಮ ಯಾಕೆ ಒಸ್ಲಾಚೆ ಕೂತವ್ಳೆ?"

"ಒಳಗೆ ಜಾಗ ಇರ್ಲಿಲ್ಲ ಕಣವ್ವ."

"ಎಮ್ಮೆ ಕಟ್ಟೋವಷ್ಟು ಜಾಗ ಅದೆ. ಅವ್ಳುನ್ನ ಯಾರೂ ಕರ್ದಿಲ್ಲ ಕಣ, ಕರೀದೇನೆ ಬಂದವ್ಳೆ. ಯಾರಿಗ್ ಓಟಾಕಿದ್ಲು ಕೇಳ್ದಾ?"

ಕೇಳಿರಲಿಲ್ಲ. ಎಂಟು ತಿಂಗಳು ದಿನಾ ಅವಳ ಮುಂದೆಯೇ ಓಡಾಡಿದ್ದೆ! ಅಲ್ಲಿ ನಾನಿದ್ದ ಮನೆಯಾಕೆಗೆ ಮೆಸೇಜು ಹಾಕಿದೆ. ಮಧ್ಯಾಹ್ನಕ್ಕೆ ಉತ್ತರ ಬಂತು: ಆಕೆ ಸೋತವನ ಕಡೆಯವಳು, ಎರಡು ಬೆಳೆಯಿಂದ ಅವಳನ್ನು ಯಾರೂ ಕರೆದಿಲ್ಲ. ಊರು ಒಂದಾಗಿರಲಿಲ್ಲ, ಜಗಳ ಮುಯ್ಯಾಳಿನೊಳಗೇ ಇತ್ತು. ನನ್ನ ಅಧ್ಯಾಯ ಉಳಿದದ್ದು ಆ ಒಂದು ಸಾಲಿನಿಂದ.

"ನೀನೇ ನನ್ನ ನಾಲ್ಕನೇ ಗೈಡು" ಎಂದು ಅವ್ವನನ್ನು ತಬ್ಬಿಕೊಂಡೆ. ಅವಳು ನಗಲಿಲ್ಲ.

"ನಿಂಗೆ ಹೆಂಗ್ ಗೊತ್ತಾಯ್ತವ್ವ?"

ಅವ್ವ ಗದ್ದ ಎತ್ತಿ ಎದುರು ಮನೆ ತೋರಿಸಿದಳು. ಹೋದ ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಆ ಮನೆಯವರು ಇನ್ನೊಂದು ಕಡೆ ನಿಂತಿದ್ದರು. ಬಾಗಿಲಿಗೆ ಹೋಗಿ ಕರೆಯದೆ ನಮ್ಮಲ್ಲಿ ಯಾರೂ ಮುಯ್ಯಾಳಿಗೆ ಬರುವುದಿಲ್ಲ. ಅವ್ವ ಕರೆಯಲು ಹೋಗಿರಲಿಲ್ಲ. ಚಿಕ್ಕಂದಿನಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದವರು ಆ ಎದುರು ಮನೆ ಅತ್ತೆ. ಬಂದು ನಾಲ್ಕು ದಿನವಾದರೂ ಅವರು ಪಡಸಾಲೆಯಲ್ಲಿಲ್ಲ ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ನನ್ನ ಸಂಶೋಧನೆಗೆ ಬೆಂಕಿ ಬೀಳ.

ಮರುದಿನ ಬೆಳಿಗ್ಗೆ ಅವ್ವ ರಸ್ತೆ ದಾಟಿ ಹೋಗಿ ಕರೆದಳು. ಅತ್ತೆ ಬಂದರು. ಹೊಸಿಲು ದಾಟದೆ ಜಗಲಿಯ ಮೇಲೇ ಕೂತು ಒಂದು ಕಡ್ಡಿ ಎಳೆದುಕೊಂಡರು.

"ಅಲ್ಯಾಕ್ ಕುಂತ್ಕಂಡೆ? ಒಳಕ್ ಬಾ."

"ಇಲ್ಲೇ ಇರ್ಲಿ ಬುಡಕ್ಕ."

ಅವ್ವ ಇನ್ನೊಮ್ಮೆ ಕರೆಯಲಿಲ್ಲ. ತನ್ನ ಕಡ್ಡಿ, ಎಲೆಯ ಹೊರೆ ಎಲ್ಲ ಎತ್ತಿಕೊಂಡು ಹೋಗಿ ಹೊಸಿಲಾಚೆ ಅತ್ತೆಯ ಪಕ್ಕದಲ್ಲೇ ಕೂತಳು.