ಒಲಿ ಮ್ಯಾಲಿನ ಹಗ್ಗ

ಅಂಜಿಕಿ ಅಂದ್ರ ನನಗ ಘೋಡಗೇರಿಯ ನಮ್ಮ ಹೊಲದ ಬಾವಿ ಕಟ್ಟಿ ನೆನಪಾಗತೈತಿ. ಮೋಟರಿನ ಪೈಪಿನ ಬಾಯಿಗೆ ಕಸ ಸಿಕ್ಕಿ ನೀರು ಏರವಲ್ದಾಗಿತ್ತು. ಅದನ್ನ ತಗ್ಯಾಕ ನಮ್ಮ ಮನಿಯವ್ರು ಸೊಂಟಕ್ಕ ಹಗ್ಗ ಕಟ್ಟಿಕೊಂಡು ಇಳದ್ರು. ಮೈದುನ ಹಗ್ಗಾನ ಬೇವಿನ ಗಿಡಕ್ಕ ಸುತ್ತಿ ತುಸು ತುಸು ಬಿಡಾಕತ್ತಿದ್ದ. ನಾನು ಹಿಂದಿನ ತುದಿ ಹಿಡದು ಕುಂತಿದ್ದೆ.

ಹಗ್ಗ ತುಕ್ಕಾನಟ್ಟಿಯ ನಮ್ಮಪ್ಪ ಹೊಸೆದದ್ದು, ಪುಂಡಿ ನಾರಿಂದು. ಎತ್ತು ಜಗ್ಗಿದ್ರೂ ಹರೀತಿರಲಿಲ್ಲ. ಸುಮ್ನ ಕುಂತಲ್ಲೇ, ಅಪ್ಪ ಮಾಡೂ ಹಂಗ, ತುದಿಯ ಒಂದು ಎಳಿ ಬಿಚ್ಚಿ ಮಡಚಿದೆ. ಪಟ್ ಅಂತ ಮುರೀತು. ಇನ್ನೊಂದು ಮಡಚಿದೆ. ಅದೂ ಮುರೀತು, ಬೆರಳಿಗೆ ಕಂದು ಪುಡಿ ಹತ್ತಿತು.

ಆಗ ನೆನಪಾತು. ಮಳ್ಯಾಗ ತೊಯ್ದ ಹಗ್ಗ ಲಗೂ ಒಣಗಲಿ ಅಂತ ಬೆಲ್ಲದ ಗಾಣದಾಗ, ಕಡಾಯಿ ಒಲಿ ಮ್ಯಾಲಿನ ತೊಲಿಗೆ ಹಾಕಿದಾಕಿ ನಾನ. ಹಾಕಿ ಮರತೆ, ಸುಡ್ಲಿ ನನ್ನ ಬುದ್ಧಿ! ಗಾಣ ಮುಗಿಯೂ ತನಕ ಅಲ್ಲೇ ಬೆಂದಿತ್ತು. ನಾರಿನೊಳಗಿನ ಪಸಿ ಬೆಂಕಿ ಹೀರಿಬಿಟ್ರ ಮ್ಯಾಲ ಹಗ್ಗದಂಗ ಕಾಣತೈತಿ, ಒಳಗ ಹಪ್ಪಳ ಆಗಿರತೈತಿ ಅಂತ ಅಪ್ಪ ನಾ ಸಣ್ಣಾಕಿದ್ದಾಗಿಂದ ಹೇಳ್ತಿದ್ದ.

"ರೀ!" ಅಂದೆ. "ಬಾಜೂಕ ಕಲ್ಲು ಚಾಚೈತಿ ನೋಡ್ರಿ. ಮೊದ್ಲ ಅದರ ಮ್ಯಾಲ ನಿಂದರ್ರಿ. ಹಗ್ಗ ಜಗ್ಗಬ್ಯಾಡ್ರಿ."

"ಏನ ನಿಂದ ಗದ್ದಲಾ?"

"ನಿಮ್ಮ ಕಾಲ ಬೀಳತೇನಿ, ನಿಂದರ್ರಿ!"

ಬೈಕೋತ ಕಲ್ಲಿನ ಮ್ಯಾಲ ಕಾಲಿಟ್ಟು ಗ್ವಾಡಿ ಹಿಡದ್ರು. ಮೈದುನ ಹಗ್ಗ ಬಿಗಿ ಮಾಡಿದ. ಲಟ್! ಹರದ ತುದಿ ಬಾವ್ಯಾಗ ಬಿತ್ತು. ನೀರಿನ ಸಪ್ಪಳ ಕೇಳಿತು. ಅವರು ಒದರೂ ತನಕ ಬಗ್ಗಿ ನೋಡಾಕ ಧೈರ್ಯ ಬರಲಿಲ್ಲ.

ಬಾಜೂ ಹೊಲದಿಂದ ನೈಲಾನ್ ಹಗ್ಗ ತಂದು ಮ್ಯಾಲ ಎತ್ತಿದ್ವಿ. ಕಟ್ಟಿ ಮ್ಯಾಲ ಕುಂತು ದಮ್ಮು ತಗೊಂಡು ಅವರಂದ್ರು, "ನಿಮ್ಮಪ್ಪನ ಹಗ್ಗ ಇವತ್ತ ನನ್ನ ಜೀವಾ ತಗೀತಿತ್ತು."

ಒಲಿ ಸುದ್ದಿ ಹೇಳಾಕ ಬಾಯಿ ತೆರದೆ. ಅವರ ಕಣ್ಣು ನೋಡಿ ಮುಚ್ಚಿಕೊಂಡೆ.

ವಾರದ ಮ್ಯಾಲ ಅಪ್ಪ ಬಂದಾಗ ಅವರು ಹರದ ತುಂಡು ಮುಂದ ಒಗದ್ರು. ಅಪ್ಪ ಮಡಚಿ ನೋಡಿದ, ಮೂಗಿಗೆ ಹಿಡದ. ಗಾಣದ ಹೊಗಿ ವಾಸನಿ ಇನ್ನೂ ಹೋಗಿರಲಿಲ್ಲ. ತಲಿ ಎತ್ತಿ ನನ್ನ ಮಾರಿ ನೋಡಿದ. ನಾನು ಸೆರಗಿನ ತುದಿ ಹಿಂಡಾಕತ್ತಿದ್ದೆ.

"ತಪ್ಪು ನಂದ್ರಿ ಅಳಿಯಾರ," ಅಂದ. "ನಾರು ಬಿಡಿಸಾಕ ಪುಂಡಿ ನೀರಾಗ ನೆನಿ ಹಾಕಿದ್ದೆ, ಹೆಚ್ಚ ಕೊಳೀತು."

ಜೀವನಪೂರ್ತಿ ಹಗ್ಗ ಹೊಸೆದ ಕೈ ಅದು. ಆವತ್ತಿಂದ ನಮ್ಮೂರಾಗ ಯಾರೂ ಅಪ್ಪನ ಹಗ್ಗ ಕೇಳಿಲ್ಲ. ನಾನು ಇನ್ನೂ ಬಾಯಿ ಬಿಟ್ಟಿಲ್ಲ.