ಗಾಜಿನೊಳಗಿನ ತಲೆದಿಂಬು

ನಂಬಿ ಎಂದು ಯಾರ ಕಾಲಿಗೂ ಬೀಳುವುದಿಲ್ಲ. ಆದರೆ ಆ ಜಿಡ್ಡನ್ನು ಮುಟ್ಟಿದವನು ನಾನೇ. ಅಂದಿನಿಂದ ಬಲಗೈಯಿಂದ ತುತ್ತು ಎತ್ತಲಾರೆ, ಚಮಚೆ ಬೇಕು.

ಸಂಭಾಜಿನಗರದ ಚಿಕಲಠಾಣಾದಲ್ಲಿ ಒಂದು ಪುಟ್ಟ ಮ್ಯೂಸಿಯಂ. ಆಫ್ರಿಕಾದಲ್ಲಿ ವ್ಯಾಪಾರ ಮಾಡಿ ಬಂದ ಸಾಹೇಬರು ತಮ್ಮ ಹಳೆಯ ಮನೆಯ ಎರಡು ಕೋಣೆಗಳಲ್ಲಿ ಅಲ್ಲಿನ ಮಣಿಸರ, ಬುಟ್ಟಿ, ಕೆತ್ತಿದ ಮಣೆಗಳನ್ನು ಜೋಡಿಸಿದ್ದರು. ಒರೆಸಿಡುವ ಕೆಲಸ ನನ್ನದು. ಕಾವಲಿಗೆ ನಮ್ಮ ಬೀದರ್ ಕಡೆಯ ಶರಣಪ್ಪ ಕಾಕಾ.

ಅಲ್ಲೊಂದು ಮರದ ತಲೆದಿಂಬು. ಗೇಣುದ್ದ, ನಡುವೆ ತಗ್ಗು. ಯಾರೋ ವರ್ಷಗಟ್ಟಲೆ ಕತ್ತಿಟ್ಟು ಮಲಗಿ ನುಣುಪಾಗಿಸಿದ್ದು. ಕೆಲವು ದಿನಗಳಿಂದ ಬೆಳಿಗ್ಗೆ ಬೆಳಿಗ್ಗೆ ಅದರ ಮೇಲೆ ಹಸಿ ಎಣ್ಣೆಜಿಡ್ಡು... ಕಮಟು ವಾಸನೆ. ಗಾಜಿನ ಪೆಟ್ಟಿಗೆಯ ಕೀಲಿ ಕಾಕಾನ ಹತ್ತಿರ. ಇನ್ನೇನು ಬೇಕು? ಕಂಡವರ ದಿಂಬಿಗೆ ತಲೆಯಿಡುವ ಕೊಳಕ ಎಂದು ಮೈಯೆಲ್ಲ ಉರಿಯಿತು. ಸಾಹೇಬರ ಕಿವಿಗೆ ಹಾಕಿದೆ. ಒಂದು ರಾತ್ರಿ ಅಲ್ಲೇ ಇದ್ದು ನೋಡು, ಅವನೇ ಆದರೆ ಕೆಲಸದಿಂದ ತೆಗೆಯುತ್ತೇನೆ ಎಂದರು ಸಾಹೇಬರು.

"ಕಾಕಾ, ಕೀಲಿ ಕೊಡ್ರಿ."

"ಖರೇನೇ ತಮ್ಮಾ, ನಾ ಅದರ ಮ್ಯಾಲ ತಲಿ ಇಟ್ಟಿಲ್ಲ. ಈ ನೌಕರಿ ಹೋದ್ರ ಈ ವಯಸ್ಸಿನ್ಯಾಗ ನನಗ ಯಾರು ಕೆಲಸ ಕೊಡ್ತಾರ?"

ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಲೈಟು ಹಚ್ಚಿ ಇಬ್ಬರೂ ಪೆಟ್ಟಿಗೆಯ ಎದುರಿಗೇ ಕುಳಿತೆವು.

ಹನ್ನೊಂದರ ಹೊತ್ತಿಗೆ... ಉಸಿರಾಟ. ಬಾಯಿ ತೆರೆದು ಮಲಗಿದವರ ಭಾರವಾದ ಉಸಿರು. ತಿರುಗಿ ನೋಡಿದೆ. ಕಾಕಾ ಎಚ್ಚರವಾಗಿದ್ದ, ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದ.

"ಕೇಳಸ್ತೇನು?" ಎಂದ, ಪಿಸುದನಿಯಲ್ಲಿ.

ಗಾಜಿನ ಒಳಮೈ ಮಸುಕಾಯಿತು. ಮರದ ತಗ್ಗಿನಲ್ಲಿ ಜಿಡ್ಡು ಒಸರಿತು... ಅಂಚಿನಿಂದ ಜೊಲ್ಲಿನ ಎಳೆಯೊಂದು ಜೋತುಬಿತ್ತು. ಕೀಲಿ ತೆಗೆದು ಬಟ್ಟೆಯಿಂದ ಒರೆಸಿದೆ. ಮರ ಬೆಚ್ಚಗಿತ್ತು! ಬಟ್ಟೆ ದಾಟಿ ಬೆರಳಿಗೆ ಅಂಟಿತು. ಹಳಸಿದ ಎಣ್ಣೆ, ಬಾಯಿನಾತ... ಥೂ! ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡೆ. ಕಾಕಾ ನೀರು ಕೊಟ್ಟ, ಬೆನ್ನು ಸವರಿದ.

ಬೆಳಿಗ್ಗೆ ಸಾಹೇಬರು ಬಂದವರೇ ಕೇಳಿದರು, "ಬೋಲ್, ಕ್ಯಾ ದೇಖಾ?"

ಬಾಗಿಲು ಹಾಕಿದ ಪೆಟ್ಟಿಗೆಯೊಳಗೆ ಯಾರೋ ಮಲಗಿದ್ದರು ಎನ್ನಲೇ? ಹುಚ್ಚನೆಂದು ನನ್ನನ್ನೇ ಓಡಿಸಿದರೆ?

"ಕಾಕಾನೇ, ಸಾಬ್" ಎಂದೆ.

ಕಾಕಾ ನನ್ನನ್ನು ನೋಡಿದ. ಬುತ್ತಿಯ ಡಬ್ಬಿ ಎತ್ತಿಕೊಂಡು ಹೋದ. ಈಗ ವಾಳೂಜ್‌ನ ಕಾರ್ಖಾನೆಗಳ ಕಡೆ ದಿನಗೂಲಿಗೆ ನಿಲ್ಲುತ್ತಾನಂತೆ.

ಅವನು ಹೋದ ದಿನದಿಂದ ಆ ಮರ ಒಣಗಿಯೇ ಇದೆ. ನೋಡು, ಅವನೇ ಆಗಿದ್ದ ಎನ್ನುತ್ತಾರೆ ಸಾಹೇಬರು. ಯಾಕೆ ನಿಂತಿತೋ ಗೊತ್ತಿಲ್ಲ. ಒಂದೇ ಒಂದು ಸಲ ಒಸರಿದರೆ ಸಾಹೇಬರನ್ನು ಕರೆದು ತೋರಿಸಿ ಕಾಕಾನನ್ನು ವಾಪಸು ತರಬಹುದಿತ್ತು. ನನ್ನ ಮೇಲೆ ನನಗೇ ಹೇಸಿಗೆ... ದಿನಾ ಬೆಳಿಗ್ಗೆ ಆ ತಗ್ಗಿಗೆ ಕೈಯಿಟ್ಟು, ಜಿಡ್ಡು ಸಿಗಲಿ ದೇವರೇ ಎಂದು ಬೇಡಿಕೊಳ್ಳುತ್ತೇನೆ.